ರಬ್ಬರ್ ಅಕ್ಕನಿಗೆ ರೋಮ್ ಪಾಠ

ನಿವೃತ್ತಿಯಾಗುವ ತನಕ ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಟೀಚರ್. ಪ್ರತಿ ವರ್ಷವೂ ರೋಮ್ ಸಾಮ್ರಾಜ್ಯದ ಪಾಠ ನನ್ನ ಪಾಲಿಗೆ ಮಧ್ಯಾಹ್ನದ ಊಟದ ನಂತರವೇ ಬರುತ್ತಿತ್ತು. ಯಾವ ಪುಣ್ಯಾತ್ಮ ಟೈಮ್ ಟೇಬಲ್ ಮಾಡುತ್ತಿದ್ದನೋ ಗೊತ್ತಿಲ್ಲ. ಮಕ್ಕಳು ತೂಕಡಿಸುತ್ತಿದ್ದರು, ನಾನು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ, ಚಕ್ರವರ್ತಿಗಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ಈ ಪಾಠದಿಂದ ಈ ಭೂಮಿಯ ಮೇಲೆ ಯಾರಿಗಾದರೂ ಮೂರು ಕಾಸಿನ ಉಪಕಾರ ಆದೀತು ಎಂದು ನಾನೂ ನಂಬಿರಲಿಲ್ಲ. ಆದರೆ ಆ ಪಾಠವನ್ನು ಜೀವ ಕೈಯಲ್ಲಿ ಹಿಡಿದುಕೊಂಡು ಮಾಡಬೇಕಾದ ದಿನ ಬಂತು. ಅದೂ ಶಾಲೆಯಲ್ಲಲ್ಲ, ನಮ್ಮ ಹಿತ್ತಲ ಜಗಲಿಯಲ್ಲಿ, ರಬ್ಬರ್ ಶೀಟುಗಳ ಘಾಟಿನ ನಡುವೆ.

ನಮ್ಮದು ಕೊಯಿಲ. ಸರ್ಕಾರದ ಜಾನುವಾರು ಫಾರ್ಮಿಗೆ ಎದುರಾಗಿರುವ ಗುಡ್ಡದಲ್ಲಿ ನಮಗೆ ಸ್ವಲ್ಪ ರಬ್ಬರ್ ಉಂಟು. ಅದನ್ನು ಟ್ಯಾಪಿಂಗ್ ಮಾಡುವುದು, ಎಂದರೆ ತೊಗಟೆ ಗೀರಿ ಹಾಲು ಇಳಿಸುವುದು, ನಮ್ಮ ಮನೆಯಲ್ಲಿ ಎಲ್ಲರೂ ರಬ್ಬರ್ ಅಕ್ಕ ಎಂದು ಕರೆಯುವ ಹೆಂಗಸು. ಪ್ರಾಯದಲ್ಲಿ ನನಗಿಂತ ಸ್ವಲ್ಪ ಚಿಕ್ಕವಳೇ, ಆದರೂ ಅಕ್ಕ. ಆಕೆ ಸಿಲೋನಿನಲ್ಲಿ ಹುಟ್ಟಿದವಳು. ಅಲ್ಲಿಯ ಚಹಾ ತೋಟಗಳಿಂದ ತಮಿಳು ಕುಟುಂಬಗಳನ್ನು ವಾಪಸ್ ಕಳಿಸಿದಾಗ, ಸಣ್ಣ ಹುಡುಗಿಯಾಗಿ ಹಡಗು ಹತ್ತಿ ಬಂದವಳು. ಸುಳ್ಯ, ಪುತ್ತೂರು, ಕಡಬದ ಕಾಡುಗುಡ್ಡಗಳಲ್ಲಿ ಅವರಿಗೆಂದೇ ರಬ್ಬರ್ ನೆಟ್ಟು, ಕಾಲೊನಿ ಕಟ್ಟಿ ಕೂರಿಸಿದ್ದರಲ್ಲ, ಅಂಥ ಒಂದು ಕಾಲೊನಿಯಲ್ಲಿ ಬೆಳೆದು, ಅಲ್ಲೇ ದುಡಿದು, ಅಲ್ಲೇ ಗಂಡನನ್ನು ಮಣ್ಣು ಮಾಡಿದವಳು. ಮನೆಯಲ್ಲಿ ತಮಿಳು, ತೋಟದಲ್ಲಿ ತುಳು, ನನ್ನ ಹತ್ತಿರ ಕನ್ನಡ, ಕೋಪ ಬಂದರೆ ಮೂರೂ ಒಟ್ಟಿಗೆ. ಅವಳು ಕ್ರಿಸ್ತನ ಪೈಕಿ, ನಾವು ದೈವ ದೇವರ ಪೈಕಿ. ಬೆಳಗ್ಗೆ ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗಳಿಂದ ಹಾಲು ಬಕೆಟಿಗೆ ಬಸಿದು ತಂದು, ಡಿಶ್ಶಿಗೆ ಹೊಯ್ದು, ಆಸಿಡ್ ಹಾಕಿ ಕಲಸಿದ ಮೇಲೆ ನಮ್ಮ ಜಗಲಿಯಲ್ಲಿ ಕೂತು ಚಾ ಕುಡಿಯುವುದು, ನನ್ನೊಟ್ಟಿಗೆ ಜಗಳಾಡುವುದು, ಇದು ಅವಳ ಕ್ರಮ. ನನಗೂ ಅವಳೊಟ್ಟಿಗೆ ಜಗಳಾಡದ ದಿನ ತಿಂದದ್ದು ಮೈಗೆ ಹಿಡಿಯುವುದಿಲ್ಲ.

ಅವಳ ಮಗಳು ಕಡಬ ಪೇಟೆಯ ಒಂದು ಮೆಡಿಕಲ್ಲಿನಲ್ಲಿ ಕೆಲಸ ಮಾಡುತ್ತಾಳೆ. ನನ್ನ ವಿದ್ಯಾರ್ಥಿನಿ. ಒಂದು ದಿನ ಅವಳೊಬ್ಬಳೇ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತಳು.

"ಅಮ್ಮನ ಎದೆಯಲ್ಲಿ ಗಂಟು ಉಂಟು ಟೀಚರ್. ಪುತ್ತೂರಲ್ಲಿ ತೋರಿಸಿದೆವು. ಮಂಗಳೂರಿಗೆ ಹೋಗಿ ಬೇಗ ಆಪರೇಶನ್ ಮಾಡಿಸಿ, ಈಗ ತೆಗೆದ್ರೆ ಉಳೀತಾರೆ, ತಡ ಮಾಡ್ಬೇಡಿ ಅಂತ ಹೇಳಿದ್ರು."

"ಹಾಗಾದ್ರೆ ಇಲ್ಲಿ ನಿಂತು ಎಂತ ಅಳುದು? ಕರ್ಕೊಂಡು ಹೋಗು."

ಅಷ್ಟು ಸುಲಭ ಇರಲಿಲ್ಲ. ಆಪರೇಶನ್ ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಆಗಬೇಕು. ಅದಕ್ಕೆ ರೇಶನ್ ಕಾರ್ಡಿನಲ್ಲಿ ಹೆಸರು ಇರಬೇಕು. ಅಕ್ಕನ ಹೆಸರು ತಡೆಯಲ್ಲಿತ್ತು, ಏಕೆಂದರೆ ಎಲ್ಲರೂ ಸೊಸೈಟಿಗೆ ಹೋಗಿ ತಂಬ್ ಕೊಟ್ಟು ಬರಬೇಕು ಎಂದು ಹೇಳಿದಾಗ ಇವಳು ಹೋಗಿರಲಿಲ್ಲ. ಸೊಸೈಟಿ ಎಂದರೆ ನಮ್ಮಲ್ಲಿ ರೇಶನ್ ಕೊಡುವ ಸಹಕಾರಿ ಸಂಘ. ಈಗ ಹೋಗಿ ಮಿಶನ್ನಿಗೆ ಒಂದು ಬೆರಳು ಒತ್ತಿದರೆ ಹೆಸರು ಸರಿಯಾಗುತ್ತದೆ. ಒತ್ತುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ.

"ಯಾಕಂತೆ?"

"ಅದು ಮೃಗದ ಗುರುತಂತೆ ಟೀಚರ್. ಆರ್ನೂರ ಅರವತ್ತಾರು. ಅದನ್ನು ಹಾಕಿಸಿಕೊಂಡವರಿಗೆ ದೇವರ ರಾಜ್ಯ ಇಲ್ಲವಂತೆ. ತೀರಿಹೋದ ನಮ್ಮ ಅಪ್ಪನ ಹತ್ತಿರ ಹೋಗ್ಲಿಕ್ಕೆ ಆಗುದಿಲ್ಲ ಅಂತ ಹೇಳ್ತಾರೆ. ನಮ್ಮ ಚರ್ಚಿನ ಫಾದರ್ ಬಂದು ಹಾಗೆಲ್ಲ ಇಲ್ಲ ಅಂದ್ರು, ಅವರ ಮಾತೂ ಕೇಳುದಿಲ್ಲ. ನೀವು ಹೇಳಿ. ರೋಮ್ ಪಾಠ ಮಾಡಿದವರಲ್ವಾ ನೀವು?"

ಕಾಲೊನಿಯ ಮನೆಗಳಲ್ಲಿ ಪ್ರಾರ್ಥನೆ ನಡೆಸಲು ಹೊರಗಿನಿಂದ ಒಬ್ಬರು ಪ್ರಸಂಗಿ ಬರುತ್ತಿದ್ದರು. ಬೈಬಲಿನ ಕೊನೆಯ ಪುಸ್ತಕದಲ್ಲಿರುವ ಭವಿಷ್ಯವೆಲ್ಲ ಈಗ ನಡೆಯುತ್ತಾ ಉಂಟು, ಮೃಗ ಬಂದಾಗಿದೆ, ಅದರ ಗುರುತು ಇಲ್ಲದೆ ಯಾರೂ ಕೊಳ್ಳುವ ಹಾಗಿಲ್ಲ ಮಾರುವ ಹಾಗಿಲ್ಲ, ನೋಡಿ, ರೇಶನ್ ಅಕ್ಕಿಗೂ ಬೆರಳು ಕೇಳುತ್ತಾರೆ, ಎಂದು ಅವರು ಹೇಳಿದ್ದರಂತೆ. ಅವರೂ ನಂಬಿಯೇ ಹೇಳಿರಬೇಕು. ಫಾದರ್ ದಿನಾ ಕಣ್ಣೆದುರು ಓಡಾಡುವವರು, ಅವರ ಮಾತಿಗೆ ಬೆಲೆ ಇಲ್ಲ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು!

ನನಗೆ ಪಿತ್ತ ನೆತ್ತಿಗೇರಿತು. ಆದರೆ ಬೈದರೆ ಅಕ್ಕ ಬಗ್ಗುವ ಜನ ಅಲ್ಲ. ಮಗಳಿಂದಲೇ ಕನ್ನಡ ಬೈಬಲ್ ತರಿಸಿದೆ, ಕೊನೆಯ ಪುಸ್ತಕವನ್ನು ಓದಿದೆ, ಹಳೆಯ ಚರಿತ್ರೆಯ ಪುಸ್ತಕಗಳನ್ನೂ ಅಟ್ಟದಿಂದ ಇಳಿಸಿದೆ. ಮನೆಯವರು ಕನ್ನಡಕದ ಮೇಲಿಂದ ನೋಡಿ, "ಎಂತ, ರಿಟೈರ್ ಆದ ಮೇಲೆ ಪರೀಕ್ಷೆಯಾ?" ಎಂದರು. ಹೌದು, ಪರೀಕ್ಷೆಯೇ, ಫೇಲಾದರೆ ನಾಳೆ ಚಾಕ್ಕೆ ಜನ ಇಲ್ಲ ಎಂದೆ.

ಮರುದಿನ ಬೆಳಗ್ಗೆ ಅಕ್ಕ ಶೀಟ್ ಒತ್ತಿ ಮುಗಿಸಿದ ಮೇಲೆ ನಾನು ಪುಸ್ತಕ ಹಿಡಿದುಕೊಂಡು ಜಗಲಿಗೆ ಬಂದೆ. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು.

"ಮಗಳು ಬಂದಿದ್ಲಾ?"

"ಬಂದಿದ್ಲು. ಬಾಯಿ ಮುಚ್ಚಿ ಚಾ ಕುಡೀರಿ, ನಾನು ಪಾಠ ಮಾಡ್ತೇನೆ."

ಮಾಡಿದೆ. ಈ ಪುಸ್ತಕ ಬರೆದವನು ನಮ್ಮ ಕಾಲದ ಮಿಶನ್ ನೋಡಿ ಬರೆದದ್ದಲ್ಲ, ತನ್ನ ಕಣ್ಣೆದುರು ಇದ್ದ ರೋಮನ್ನು ನೋಡಿ ಬರೆದದ್ದು ಎಂದೆ. ಏಳು ತಲೆಯ ಮೃಗ ಎಂದರೆ ಏಳು ಗುಡ್ಡದ ಮೇಲೆ ಕೂತ ಪಟ್ಟಣ, ಅದು ಆ ಪುಸ್ತಕದಲ್ಲೇ ಉಂಟು, ತೋರಿಸಿದೆ. ಆಗ ಅಕ್ಷರಗಳಿಗೆ ಬೇರೆ, ಅಂಕೆಗಳಿಗೆ ಬೇರೆ ಚಿಹ್ನೆ ಇರಲಿಲ್ಲ, ಒಂದೊಂದು ಅಕ್ಷರಕ್ಕೂ ಒಂದು ಬೆಲೆ, ನಮ್ಮ ಜೋಯಿಸರ ಕಟಪಯಾದಿಯ ಹಾಗೆ. ಊರಿಗೆ ಬೆಂಕಿ ಬಿದ್ದಾಗ ಪಿಟೀಲು ಬಾರಿಸಿದ ಎಂದು ಲೋಕವೆಲ್ಲ ಹೇಳುವ ಒಬ್ಬ ಚಕ್ರವರ್ತಿ ಇದ್ದನಲ್ಲ, ಆಗ ಪಿಟೀಲು ಹುಟ್ಟಿಯೇ ಇರಲಿಲ್ಲ, ಅದು ಬೇರೆ ಮಾತು, ಅವನ ಹೆಸರನ್ನು ಬಿರುದಿನ ಸಮೇತ ಹೀಬ್ರೂ ಅಕ್ಷರದಲ್ಲಿ ಬರೆದು ಕೂಡಿಸಿದರೆ ಆರುನೂರ ಅರವತ್ತಾರು ಬರುತ್ತದೆ. ಹೆಚ್ಚಿನ ಪಂಡಿತರು ಹೇಳುವುದು ಇದನ್ನೇ. ಬೆಂಕಿಯ ಅಪವಾದವನ್ನು ಅವನು ಕ್ರೈಸ್ತರ ತಲೆಗೆ ಕಟ್ಟಿ ಕೊಲ್ಲಿಸಿದವನು. ಅವನ ಹೆಸರು ನೇರವಾಗಿ ಬರೆದರೆ ತಲೆ ಹೋಗುತ್ತದೆ, ಅದಕ್ಕೆ ಲೆಕ್ಕದಲ್ಲಿ ಬರೆದದ್ದು. ಕೊಳ್ಳುವ ಮಾರುವ ಮಾತು ಯಾಕೆಂದರೆ, ಪೇಟೆಯಲ್ಲಿ ಓಡುವ ನಾಣ್ಯದಲ್ಲಿ ಚಕ್ರವರ್ತಿಯ ಮುಖ, ಅವನೇ ದೇವರು ಎಂದು ಅದರಲ್ಲಿ ಬರೆದದ್ದು. ಗುರುತು ಹಾಕಿಸಿಕೊಳ್ಳುವುದು ಎಂದರೆ ಅವನನ್ನು ದೇವರೆಂದು ಒಪ್ಪುವುದು. "ಸೊಸೈಟಿಯ ಗುಮಾಸ್ತರನ್ನು ದೇವರು ಅಂತ ಒಪ್ಪಿ ಅಂತ ನಿಮ್ಗೆ ಯಾರಾದ್ರೂ ಹೇಳಿದ್ರಾ?"

ಅವಳು ನಗಲಿಲ್ಲ. "ಬರೆದವ ಎಲ್ಲಿದ್ದ ಆಗ?" ಎಂದು ಕೇಳಿದಳು.

"ಒಂದು ದ್ವೀಪದಲ್ಲಿ. ಗಡಿಪಾರು ಮಾಡಿದ್ರು ಅವನನ್ನು."

"ದ್ವೀಪದಲ್ಲಾ?" ಅವಳು ಚಾ ಲೋಟ ಕೆಳಗಿಟ್ಟಳು. "ಅವನನ್ನು ದ್ವೀಪಕ್ಕೆ ಕಳಿಸಿದ್ರು. ನಮ್ಮನ್ನು ದ್ವೀಪದಿಂದ ಕಳಿಸಿದ್ರು."

ಮತ್ತೆ ನಿಧಾನಕ್ಕೆ ಹೇಳಿದಳು. ಸಿಲೋನಿನಲ್ಲಿ ಒಂದು ದಿನ ತೋಟದ ಕೂಲಿಯವರ ಲೈನ್ ಮನೆಗಳ ಎದುರು ಮೇಜು ಹಾಕಿ ಕೂತಿದ್ದರಂತೆ. ಅಪ್ಪನಿಗೆ ಓದಲು ಬಾರದು. ಇಲ್ಲಿ ಹೆಬ್ಬೆಟ್ಟು ಒತ್ತು ಎಂದರು, ಒತ್ತಿದ. ಅದು ದೇಶ ಬಿಟ್ಟು ಹೋಗುವ ಕಾಗದವಂತೆ, ಅಷ್ಟಕ್ಕೇ ಊರು ಹೋಯಿತು. ಮದುವೆಯಾಗಿ ಬೇರೆ ತೋಟದಲ್ಲಿದ್ದ ಇವಳ ದೊಡ್ಡ ಅಕ್ಕ ಅಲ್ಲೇ ಉಳಿದಳು. ಇವರು ಹಡಗು ಹತ್ತಿದರು. ಆ ಒಡಹುಟ್ಟಿದವಳ ಮುಖವನ್ನು ಇವಳು ಮತ್ತೆ ನೋಡಲಿಲ್ಲ.

"ಅಪ್ಪ ಸಾಯುವ ತನಕ ಆ ಬೆರಳನ್ನು ಬೈತಿದ್ದ ಟೀಚರ್. ಒತ್ತುದು ಅಂದ್ರೆ ನಿಮ್ಗೆ ಎಂತದೂ ಅಲ್ಲ. ನಿಮ್ಗೆ ಒತ್ತಿ ಏನೂ ಹೋಗಲಿಲ್ಲ."

ಆರುನೂರ ಅರವತ್ತಾರನ್ನು ಬಿಡಿಸಿ ಹೇಳಬಲ್ಲೆ, ಇದನ್ನು ಹೇಗೆ ಬಿಡಿಸುವುದು? ನನಗೆ ಅವಳನ್ನು ಕಂಡು ಪಾಪ ಅನ್ನಿಸಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆ ಗಂಟು ನಮ್ಮ ಮಾತು ಮುಗಿಯಲಿ ಎಂದು ಕಾಯುವುದಿಲ್ಲವಲ್ಲ.

ಅವಳೇ ಮತ್ತೆ ಕೇಳಿದಳು. "ಆ ಕಾಲದಲ್ಲಿ ಹೆದರಿ ಒಪ್ಪಿದವರು ಇರಲಿಲ್ವಾ? ಎಲ್ಲರೂ ಸತ್ತೇ ಹೋದ್ರಾ?"

ಇಷ್ಟು ಒಳ್ಳೆಯ ಪ್ರಶ್ನೆ ನನ್ನ ಇಡೀ ಸರ್ವಿಸಿನಲ್ಲಿ ಒಂದು ಮಗುವೂ ಕೇಳಿರಲಿಲ್ಲ. ನಾನು ಉಬ್ಬಿಹೋದೆ. ಅದು ಸ್ವಲ್ಪ ನಂತರದ ಕಾಲದ ಕಥೆ, ಬೇರೆ ಚಕ್ರವರ್ತಿ ಎಂದು ಶುರು ಮಾಡಿ, ಬೋರ್ಡ್ ಒಂದಿಲ್ಲ ಎನ್ನುವುದು ಬಿಟ್ಟರೆ ಕ್ಲಾಸಿನ ಹಾಗೆಯೇ ಹೇಳಿದೆ. ಎಲ್ಲರೂ ವಿಗ್ರಹದ ಎದುರು ಒಂದು ಚಿಟಿಕೆ ಧೂಪ ಹಾಕಬೇಕು, ಹಾಕಿದ್ದಕ್ಕೆ ಚೀಟಿ ಪಡೆಯಬೇಕು ಎಂದು ಆಜ್ಞೆಯಾದದ್ದು, ಕೆಲವರು ಸತ್ತದ್ದು, ತುಂಬ ಜನ ಮಕ್ಕಳುಮರಿಯ ಮುಖ ನೋಡಿ ಧೂಪ ಹಾಕಿದ್ದು, ಕೆಲವರು ಧೂಪ ಹಾಕದೆ ಲಂಚ ಕೊಟ್ಟು ಚೀಟಿ ಮಾಡಿಸಿಕೊಂಡದ್ದು. ಹಿಂಸೆ ನಿಂತ ಮೇಲೆ, ಬಿದ್ದವರು ಎಂದು ಹೆಸರಾದ ಇವರೆಲ್ಲ ಅಳುತ್ತಾ ಸಭೆಗೆ ವಾಪಸ್ ಬಂದರು. ಸೇರಿಸಬೇಕೋ ಬಾರದೋ ಎಂದು ಹಿರಿಯರಲ್ಲಿ ದೊಡ್ಡ ಜಗಳ. ಕೊನೆಗೆ, ಬಾಗಿಲ ಹೊರಗೆ ನಿಂತು ಪಶ್ಚಾತ್ತಾಪ ಪಟ್ಟು, ಒಳಗೆ ಹೋಗುವವರ ಹತ್ತಿರ ನಮಗಾಗಿ ಪ್ರಾರ್ಥನೆ ಮಾಡಿ ಎಂದು ಬೇಡಿಕೊಳ್ಳಬೇಕು, ಮತ್ತೆ ಒಂದು ದಿನ ಒಳಗೆ ಕರೆಯುತ್ತಾರೆ ಎಂದಾಯಿತು.

"ಒಳಗೆ ಕರೆದ್ರಾ?"

"ಕರೆದ್ರು."

"ಬಿದ್ದವರನ್ನೂ?"

"ಬಿದ್ದವರನ್ನೂ. ಸಾವಿರ ಸಲ ಹೇಳ್ಬೇಕಾ?"

ಅವಳು ಎದ್ದು ಲೋಟ ತೊಳೆದಿಟ್ಟಳು. ಹೋಗುವಾಗ, "ನಾಳೆ ಸೊಸೈಟಿಗೆ ಹೋಗುವ. ನೀವು ಬರ್ಬೇಕು" ಎಂದಳು. ಗೆದ್ದೆ ಎಂದುಕೊಂಡೆ. ಮಧ್ಯಾಹ್ನ ಎರಡು ಮುಷ್ಟಿ ಅನ್ನ ಹೆಚ್ಚೇ ಉಂಡೆ.

ಸೊಸೈಟಿಯಲ್ಲಿ ಜನ ಕಡಿಮೆ ಇತ್ತು. ಅಕ್ಕ ಭಾನುವಾರದ ಸೀರೆ ಉಟ್ಟು ಬಂದಿದ್ದಳು, ಮಗಳು ಅವಳ ತೋಳು ಹಿಡಿದಿದ್ದಳು. ಗುಮಾಸ್ತರು ಮಿಶನ್ ಮುಂದೆ ತಳ್ಳಿದರು. ಅಕ್ಕ ಕಣ್ಣು ಮುಚ್ಚಿ ಬಲಗೈಯ ಹೆಬ್ಬೆಟ್ಟು ಒತ್ತಿದಳು. ಮಿಶನ್ ಕೀಂಯ್ ಎಂದಿತು. ತೆಗೆದುಕೊಳ್ಳಲಿಲ್ಲ. ತೋರುಬೆರಳು, ಅದೂ ಇಲ್ಲ. ಸೆರಗಲ್ಲಿ ಒರಸಿ ಒತ್ತಿದ್ದಾಯಿತು, ಗುಮಾಸ್ತರು ಕೊಟ್ಟ ಕೊಬ್ಬರಿ ಎಣ್ಣೆ ಹಚ್ಚಿ ಒತ್ತಿದ್ದಾಯಿತು, ಎಡಗೈಯೂ ಆಯಿತು. ಯಾವ ಬೆರಳಲ್ಲೂ ಗೆರೆಯೇ ಇಲ್ಲ. ಹಾಲಿಗೆ ಹಾಕುವ ಆಸಿಡ್, ಟ್ಯಾಪಿಂಗ್ ಕತ್ತಿಯ ಹಿಡಿ, ಎಲ್ಲ ಸೇರಿ ತಿಂದು ಹಾಕಿದ್ದವು. ರಬ್ಬರಿನವರಿಗೆಲ್ಲ ಇದೇ ಕತೆ ಎಂದರು ಗುಮಾಸ್ತರು.

ಅಕ್ಕ ಕಣ್ಣು ತೆರೆದಳು. ಮುಖದಲ್ಲಿ ಅಂಥ ಒಂದು ನೆಮ್ಮದಿ! "ನೋಡಿ ಟೀಚರ್, ಅವನೇ ಉಜ್ಜಿ ಇಟ್ಟಿದ್ದಾನೆ. ಬೇಡ ಅಂತ."

"ಅವನಲ್ಲ, ಆಸಿಡ್" ಎಂದೆ. ಅಷ್ಟರಲ್ಲಿ ಗುಮಾಸ್ತರು ಮೊಬೈಲ್ ಎತ್ತಿಕೊಂಡು ಬಂದರು. ಪಾಪ, ಒಳ್ಳೆಯ ಮನುಷ್ಯ, ಸಹಾಯವೇ ಅವರ ಉದ್ದೇಶ. "ತೊಂದರೆ ಇಲ್ಲ ಮಾರಾಯ್ರೆ, ಬೆರಳು ಬಾರದವರದ್ದು ಮುಖದ ಫೋಟೊ ತೆಗಿಲಿಕ್ಕೆ ಆಗ್ತದೆ. ಸೆರಗು ಸ್ವಲ್ಪ ಹಿಂದೆ ಮಾಡಿ. ಹಣೆ ಪೂರ್ತಿ ಕಾಣ್ಬೇಕು."

ಅಯ್ಯೋ ದೇವರೇ! ಆ ಪುಸ್ತಕದಲ್ಲಿ ಇರುವುದು ಅದೇ. ಗುರುತನ್ನು ಹಾಕುವುದು ಬಲಗೈಗೆ, ಇಲ್ಲವೇ ಹಣೆಗೆ. ಹಿಂದಿನ ದಿನವಷ್ಟೇ ನಾನೇ ಜಗಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ ಓದಿ ಹೇಳಿದ್ದೆ. ಅಕ್ಕ ಗೋಡೆಗೆ ಒರಗಿದಳು. ಸೆರಗನ್ನು ಹಣೆಯ ಮೇಲೆ ಇನ್ನೂ ಕೆಳಗೆ ಎಳೆದುಕೊಂಡಳು. ಮಗಳು ನನ್ನನ್ನು ನೋಡಿದಳು. ಚಕ್ರವರ್ತಿ, ನಾಣ್ಯ, ಏಳು ಗುಡ್ಡ, ಎಲ್ಲ ನಿನ್ನೆಯೇ ಖರ್ಚಾಗಿ ಹೋಗಿತ್ತು.

ನನಗೆ ಸಿಟ್ಟು ಬಂತು. ಸಿಟ್ಟಿನೊಟ್ಟಿಗೆ ಅಳು. ಸೊಸೈಟಿಯ ನಡುವಲ್ಲಿ, ಅಕ್ಕಿ ಮೂಟೆಗಳ ಎದುರು ನಿಂತು ಕೂಗಿದೆ. "ನನ್ಗೆ ರೋಮೂ ಬೇಡ, ಮೃಗವೂ ಬೇಡ. ನೀವು ಸಾಯುದು ನನ್ಗೆ ಬೇಡ. ಅಷ್ಟೇ ನನ್ಗೆ ಗೊತ್ತಿರುದು. ನಾಳೆ ಬೆಳಿಗ್ಗೆ ನಾನು ಯಾರೊಟ್ಟಿಗೆ ಜಗಳಾಡುದು?"

ಗುಮಾಸ್ತರು ಮೊಬೈಲ್ ಹಿಡಿದುಕೊಂಡು ಹಾಗೇ ನಿಂತರು. ಅಕ್ಕ ನನ್ನನ್ನೇ ನೋಡಿದಳು. ಮೆಲ್ಲಗೆ ಕೇಳಿದಳು, "ಬಿದ್ದವರನ್ನು ವಾಪಸ್ ಕರೆದ್ರು ಅಂತ ಹೇಳಿದ್ರಲ್ಲ. ಅದು ಸತ್ಯವಾ? ನನ್ನನ್ನು ಇಲ್ಲಿಗೆ ತರ್ಲಿಕ್ಕೆ ಹೇಳಿದ್ದಾ?"

"ಸತ್ಯ."

ಅವಳು ಸೆರಗು ಹಿಂದೆ ಸರಿಸಿದಳು. ಹಣೆ ಮೇಲೆತ್ತಿದಳು. ಮಗಳು ಅವಳ ಕೈ ಬಿಡಲಿಲ್ಲ. ಮೊಬೈಲಿನಲ್ಲಿ ಒಂದು ಹಸಿರು ಸುತ್ತು ಬಂತು, ಆಯ್ತು ಎಂದರು ಗುಮಾಸ್ತರು.

ಆಪರೇಶನ್ ಆಯಿತು. ಅದರ ನಂತರದ ಔಷಧಿಗಳೂ ಆದವು. ಕೂದಲು ಹೋಗಿ ಮತ್ತೆ ಬಂತು, ಈ ಸಲ ಸ್ವಲ್ಪ ಗುಂಗುರಾಗಿ. ಗಂಟು ಪೂರ್ತಿ ತೆಗೆದಿದ್ದೇವೆ ಎಂದರು ಡಾಕ್ಟರು. ಬೇರೆಯವರನ್ನು ಹಿಡಿದು ಟ್ಯಾಪಿಂಗ್ ಮಾಡಿಸಿದ ಆ ದಿನಗಳಲ್ಲಿ ನಮ್ಮ ಮರಗಳ ತೊಗಟೆಯ ಪಟ್ಟೆ ಹಾಳಾಯಿತು ಎಂದು ಅವಳು ಹಾಸಿಗೆಯಿಂದಲೇ ಬೈದಳು. ಬೈಗುಳ ಕೇಳಿ ನಾನು ಮನೆಗೆ ಬಂದು ದೇವರಿಗೆ ದೀಪ ಇಟ್ಟೆ. ಯಾವ ದೇವರಿಗೆ ಎಂದು ಕೇಳಬೇಡಿ, ಕಿವಿ ಇದ್ದವರು ಯಾರಾದರೂ ಕೇಳಿಸಿಕೊಂಡಿರಬಹುದು.

ಅವಳು ಮತ್ತೆ ನಮ್ಮ ಜಗಲಿಗೆ ಬರಲು ಶುರು ಮಾಡಿ ಕೆಲವು ವಾರವಾಗಿತ್ತು. ಒಂದು ದಿನ ಮಗಳು ಪೇಟೆಯಲ್ಲಿ ಸಿಕ್ಕಿ, "ಟೀಚರ್, ಅಮ್ಮ ಚರ್ಚಿನ ಒಳಗೆ ಹೋಗುದಿಲ್ಲ" ಎಂದಳು. ಭಾನುವಾರ ಎಲ್ಲರಿಗಿಂತ ಮೊದಲು ಹೋಗುತ್ತಾಳಂತೆ. ಆದರೆ ಮೆಟ್ಟಿಲ ಹತ್ತಿರ, ಬಾಗಿಲ ಹೊರಗೆ, ಬಿಸಿಲಾಗಲಿ ಮಳೆಯಾಗಲಿ ನಿಂತೇ ಇರುತ್ತಾಳೆ. ಬಂದವರಿಗೆಲ್ಲ ನನಗಾಗಿ ಪ್ರಾರ್ಥನೆ ಮಾಡಿ ಎಂದು ಕೈ ಮುಗಿಯುತ್ತಾಳೆ. ಫಾದರ್ ಬಂದು ಕರೆದರೂ, ಇನ್ನೂ ಆಗಿಲ್ಲ ಫಾದರ್, ಎನ್ನುತ್ತಾಳಂತೆ. ಎಂತ ಆಗಿಲ್ಲ ಎಂದು ಅವರಿಗೂ ಗೊತ್ತಾಗುತ್ತಿಲ್ಲ.

ನನಗೆ ಗೊತ್ತಾಯಿತು. ನಾನು ಮಾಡಿದ ಪಾಠವನ್ನು ಒಂದಕ್ಷರ ಬಿಡದೆ ಕಲಿತ ವಿದ್ಯಾರ್ಥಿನಿ ಅವಳೊಬ್ಬಳೇ. ಮೃಗ ಅಂದರೆ ರೋಮ್ ಎನ್ನುವುದನ್ನು ಅವಳು ಒಪ್ಪಿರಲೇ ಇಲ್ಲ. ಗುರುತು ಹಾಕಿಸಿಕೊಂಡೆ, ಬಿದ್ದೆ ಎಂದೇ ತಿಳಿದಿದ್ದಳು. ಬದುಕಿದ್ದು ಮಗಳಿಗಾಗಿ, ಒಂದು ಪಾಲು ನನಗಾಗಿ. ಅದಕ್ಕೆ ದಂಡವನ್ನು ನನ್ನ ಪಾಠದಿಂದಲೇ ತೆಗೆದುಕೊಂಡಿದ್ದಳು.

ಆ ಭಾನುವಾರ ನಾನು ಹೋದೆ. ಅಕ್ಕ ಮೆಟ್ಟಿಲ ಪಕ್ಕ ನಿಂತಿದ್ದಳು, ಒಂದು ಕೈ ಗೋಡೆಗೆ ಕೊಟ್ಟು. ಒಳಗೆ ಹಾಡು ಶುರುವಾಗಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ನೀವು ಎಂತಕ್ಕೆ ಬಂದದ್ದು?"

"ಪಾಠ ಒಂದು ಬಾಕಿ ಉಂಟು."

"ಇಲ್ಲಿಯಾ?"

"ಇಲ್ಲಿಯೇ. ಬಾಗಿಲ ಹೊರಗೆ ನಿಂತವರ ಕತೆ ಹೇಳಿದ್ನಲ್ಲ. ಅವರಲ್ಲಿ ಕಾಯಿಲೆ ಬಿದ್ದವರನ್ನು ನಿಲ್ಲಿಸ್ಲೇ ಇಲ್ಲ. ಕಾಯಿಲೆಯವರು ಕಾಯುದು ಬೇಡ, ಅವರನ್ನು ಮೊದಲು ಒಳಗೆ ಕರೀರಿ ಅಂತ ಹಿರಿಯರು ತೀರ್ಮಾನ ಮಾಡಿದ್ರು."

ಅವಳು ತಿರುಗಿ ನನ್ನ ಕಣ್ಣನ್ನೇ ನೋಡಿದಳು. "ಅದು ಪುಸ್ತಕದಲ್ಲಿ ಉಂಟಾ? ಈಗ ದಾರಿಯಲ್ಲಿ ಬರುವಾಗ ಮಾಡಿದ್ದಾ?"

"ಪುಸ್ತಕದಲ್ಲಿ ಉಂಟು. ಬೇಕಾದ್ರೆ ಫಾದರ್ ಹತ್ತಿರ ಕೇಳಿ."

"ಮತ್ತೆ ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?"

"ಪಾಠ ಉದ್ದ ಆಯ್ತು ಅಂತ ಬಿಟ್ಟೆ."

"ಬಿಟ್ರಂತೆ!" ಅವಳ ಕಣ್ಣಲ್ಲಿ ನೀರು ತುಂಬಿತು, ಬಾಯಿ ಮಾತ್ರ ಬೈಯುತ್ತಲೇ ಇತ್ತು. "ಎಂತ ಟೀಚರ್ ಮಾರಾಯ್ರೆ ನೀವು. ನಿಂತು ನಿಂತು ನನ್ನ ಕಾಲು ಬಿದ್ದು ಹೋಯ್ತು."

ಚಪ್ಪಲಿ ಬಿಟ್ಟಳು. ಸೆರಗು ತಲೆಗೆ ಎಳೆದುಕೊಳ್ಳಲು ಹೋದವಳು, ಏನನ್ನಿಸಿತೋ, ಹಣೆ ಕಾಣುವ ಹಾಗೆಯೇ ಬಿಟ್ಟಳು. ಎರಡು ಮೆಟ್ಟಿಲು ಹತ್ತಿ ತಿರುಗಿದಳು.

"ನೀವು ಹೋಗ್ಬೇಡಿ. ಅಲ್ಲೇ ನಿಲ್ಲಿ."

ಅವಳು ಒಳಗೆ ಹೋದಳು. ಹಾಡು ಮುಗಿಯುವ ತನಕ ನಾನು ಅವಳು ನಿಂತಿದ್ದ ಜಾಗದಲ್ಲೇ ನಿಂತಿದ್ದೆ.